ಕುದುರೆಗೆ ಪಾಲುದಾರ ಬೇಕಾಗಿದ್ದಾರೆ: ಜೀನು ಕೊಡುವ ಮೊದಲು ಬಕೆಟ್ ಕೊಡಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಾನು ಗಂಗಾವತಿ ಹತ್ತಿರದ ಹಳ್ಳಿಯವನು, ಹೈಸ್ಕೂಲ್ ಶಿಕ್ಷಕ. ನನ್ನ ಹತ್ತಿರ ಏಳು ವರ್ಷದ ಮಾರ್ವಾಡಿ ಹೆಣ್ಣು ಕುದುರೆ ಇದೆ. ಈ ವರ್ಷ ಕುಷ್ಟಗಿ ಕಡೆ ವರ್ಗಾವಣೆಯಾಗಿ ವಾರದಲ್ಲಿ ನಾಲ್ಕು ದಿನ ಅಲ್ಲೇ ಉಳಿಯಬೇಕಾಗಿದೆ. ಮೇವು ನೀರು ಮನೆಯವರು ಹಾಕುತ್ತಾರೆ. ಓಡಾಡಿಸುವವರು, ಮೈ ಉಜ್ಜುವವರು ಇಲ್ಲ. ಖರ್ಚು, ಕೆಲಸ, ಸವಾರಿ ಮೂರನ್ನೂ ಹಂಚಿಕೊಳ್ಳುವ ಒಬ್ಬರನ್ನು ಹುಡುಕಿದೆ. ಮೊದಲು ಬಂದ ಹುಡುಗ ಸ್ವಲ್ಪ ದಿನ ಬಂದು, ಫೋಟೊ ತೆಗೆಸಿಕೊಂಡು ನಾಪತ್ತೆಯಾದ. ಎರಡನೆಯವರು ತಿಂಗಳ ದುಡ್ಡು ಸರಿಯಾಗಿ ಕೊಟ್ಟರು, ಆದರೆ ನನಗೆ ಹೇಳದೆ ಗೆಳೆಯರನ್ನೆಲ್ಲ ಹತ್ತಿಸಿದರು. ಮಾರಿಬಿಡು ಅಂತಾರೆ ಮನೆಯಲ್ಲಿ. ನಂಬುವಂಥವರು ಸಿಗೋದು ಹೇಗೆ, ಸಿಕ್ಕವರು ಉಳಿಯೋದು ಹೇಗೆ ಡಾಕ್ಟ್ರೇ?

ಉತ್ತರ: ಮಾಸ್ತರೇ, ಮಾರುವ ಮಾತು ಸದ್ಯಕ್ಕೆ ಬದಿಗಿರಲಿ. ಒಬ್ಬ ಓಡಿಹೋದ, ಇನ್ನೊಬ್ಬರು ಸಲಿಗೆ ಬಳಸಿಕೊಂಡರು. ಎರಡೂ ಬೇರೆ ಬೇರೆ ಕಥೆ ಅನ್ನಿಸುತ್ತದೆ, ಆದರೆ ನನ್ನ ಊಹೆ ಹೇಳಲೇ? ಇಬ್ಬರಿಗೂ ನೀವು ಮೊದಲ ದಿನವೇ ಜೀನು ಹಾಕಿ ಕೊಟ್ಟಿದ್ದೀರಿ.

ನಮ್ಮ ಕಡೆ ಕುರಿ ಪಾಲಿಗೆ ಬಿಡುವುದು, ಹೊಲ ಕೋರಿಗೆ ಹಾಕುವುದು ಎಲ್ಲರಿಗೂ ಗೊತ್ತು. ಅಲ್ಲಿ ಮರಿ ಹುಟ್ಟುತ್ತದೆ, ಬೆಳೆ ಬರುತ್ತದೆ, ಕೊನೆಗೆ ಹಂಚಿಕೊಳ್ಳಲು ಏನಾದರೂ ಕೈಗೆ ಸಿಗುತ್ತದೆ. ಕುದುರೆಯಲ್ಲಿ ಹಂಚಿಕೊಳ್ಳಲು ಇರುವುದು ಲದ್ದಿ, ಮೇವಿನ ಲೆಕ್ಕ ಮತ್ತು ಬೆಳಗಿನ ಒಂದು ತಾಸಿನ ಸವಾರಿ. ಆ ಒಂದು ತಾಸನ್ನೇ ನೋಡಿ ಬಂದವರಿಗೆ ಉಳಿದದ್ದು ಬಲುಬೇಗ ಭಾರವಾಗುತ್ತದೆ.

ಹಾಗಾಗಿ ಸವಾರಿ ಬಂದವರನ್ನೇ ಹುಡುಕಬೇಡಿ. ಮನೆಯಲ್ಲಿ ಎತ್ತು ಕಟ್ಟಿ ಬೆಳೆದವರು, ಬೆಳಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಿ ಅಭ್ಯಾಸವಿರುವವರು ಸಿಕ್ಕರೆ ಅವರೇ ವಾಸಿ. ಕೂರುವುದನ್ನು, ಲಗಾಮು ಹಿಡಿಯುವುದನ್ನು ತಿಂಗಳುಗಟ್ಟಲೆ ಕಲಿಸಬಹುದು. ಬೆಳಗಿನ ಐದು ಗಂಟೆಯನ್ನು ಕಲಿಸಲಿಕ್ಕಾಗುವುದಿಲ್ಲ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಒಂದು ಮಾತು ಹಾಕಿಡಿ. ಯಾರು ದನಕ್ಕೆ ಜ್ವರ ಬಂದ ದಿನವೇ ಬರುತ್ತಾರೆ, ಯಾರು ನೆಲ ಹಿಡಿದ ಮೇಲೆ ಬರುತ್ತಾರೆ ಎಂಬುದು ಅಲ್ಲಿನವರಿಗೆ ಚೆನ್ನಾಗಿ ಗೊತ್ತು. ಲಾಳ ಕಟ್ಟುವವರನ್ನೂ ಕೇಳಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಎನ್‌ಸಿಸಿಯ ಕುದುರೆ ದಳದಲ್ಲಿದ್ದು ಬಂದ ಕಿರಿಯ ವೈದ್ಯರು ನಿಮ್ಮ ಜಿಲ್ಲೆಯಲ್ಲಿ ಕೆಲಸಕ್ಕಿದ್ದರೆ ಅದೃಷ್ಟ ಅನ್ನಿ. ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಕುದುರೆ ಫೋಟೊ ಹಾಕಿ ಕರೆದರೆ ಮಾತ್ರ ಮತ್ತೆ ಫೋಟೊದವರೇ ಬರುತ್ತಾರೆ.

ಬಂದವರನ್ನು ಮೊದಲ ಮೂರು ವಾರ ಹತ್ತಿಸಬೇಡಿ. ಇದನ್ನು ಮೊದಲೇ ಹೇಳಿಬಿಡಿ, ಅರ್ಧ ಜನ ಅಲ್ಲೇ ಕಳಚಿಕೊಳ್ಳುತ್ತಾರೆ. ಉಳಿದವರು ಲಾಯಕ್ಕೆ ಬರುವಾಗ ನೀವು ದೂರ ನಿಂತು ನೋಡಿ. ಹಿಂದಿನಿಂದ ಸದ್ದಿಲ್ಲದೆ ಹೋಗಿ ಬೆನ್ನು ತಟ್ಟುತ್ತಾರೋ, ದೂರದಿಂದಲೇ ದನಿ ಕೊಟ್ಟು ಹೆಗಲ ಪಕ್ಕಕ್ಕೆ ಬರುತ್ತಾರೋ? ಮೊದಲು ಕಣ್ಣು ಎಲ್ಲಿಗೆ ಹೋಗುತ್ತದೆ? ಚೆನ್ನಾಗಿ ಪಳಗಿದವರು ಕುದುರೆಯ ಮುಖ ನೋಡುವ ಮೊದಲೇ ನೀರಿನ ತೊಟ್ಟಿ ನೋಡುತ್ತಾರೆ, ರಾತ್ರಿ ಎಷ್ಟು ಲದ್ದಿ ಹಾಕಿದೆ ಎಂದು ನೋಡುತ್ತಾರೆ. ಹಿಂಗಾಲು ಎತ್ತಿ ಗೊರಸಿನ ಒಳಗಿನ ಮಣ್ಣು, ಕಲ್ಲು ಕೆದರಿ ತೆಗೆಯಲು ಹೇಳಿ. ಕುದುರೆ ಕಾಲು ಎಳೆದುಕೊಂಡಾಗ ಸಿಟ್ಟು ಮಾಡುವವರು, ಮೇಲೆ ಕೂತಾಗಲೂ ಬಾಯಿಗೆ ಲಗಾಮು ಜಗ್ಗುತ್ತಾರೆ. ಕಾಲು ಎಳೆದುಕೊಂಡರೆ ತಾಳಿಕೊಂಡು ಮತ್ತೆ ಕೇಳುವವರನ್ನು ಬಿಡಬೇಡಿ. ಅವರಿಗೆ ಸವಾರಿಯೇ ಬರದಿದ್ದರೂ ಬಿಡಬೇಡಿ.

ತೂಕವನ್ನೂ ಸಂಕೋಚ ಬಿಟ್ಟು ಕೇಳಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ಮೀರಬಾರದು. ನಿಮ್ಮದು 350 ಕೆ.ಜಿ. ಇದ್ದರೆ ಲೆಕ್ಕ 70 ಕೆ.ಜಿ.ಗೆ ನಿಂತಿತು, ಅದರಲ್ಲಿ ಜೀನೂ ಸೇರಿತು. ಹಾಗೆಂದು 80 ಕೆ.ಜಿ. ಇರುವ ಒಳ್ಳೆಯ ಮನುಷ್ಯರನ್ನು ಕೈಬಿಡಬೇಕಿಲ್ಲ. ಉದ್ದನೆಯ ಹಗ್ಗದಲ್ಲಿ ಸುತ್ತು ಹಾಕಿಸುವುದು, ಜೊತೆಗೆ ನಡೆಸಿಕೊಂಡು ಹೋಗುವುದು ಅವರ ಪಾಲಿಗಿರಲಿ.

ಎತ್ತಿನ ಮನೆಯವರು ವಾಸಿ ಎಂದೆನಲ್ಲ, ಅವರಿಗೆ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಕಾರ ಹುಣ್ಣಿಮೆಗೆ ಎತ್ತಿಗೆ ಹೋಳಿಗೆ ತಿನ್ನಿಸುವ ಕೈ, ಪ್ರೀತಿ ಉಕ್ಕಿದರೆ ಕುದುರೆಗೂ ತಿನ್ನಿಸುತ್ತದೆ. ಎತ್ತು ಮೆಲುಕು ಹಾಕುವ ಪ್ರಾಣಿ. ಕುದುರೆಗೆ ಇರುವುದು ಒಂದೇ ಸಣ್ಣ ಹೊಟ್ಟೆ, ಮೇಲಾಗಿ ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹುರುಳಿಯನ್ನೋ ಸಜ್ಜೆಯನ್ನೋ ದಿಢೀರನೆ ಹೆಚ್ಚು ಹಾಕಿದರೆ ಹೊಟ್ಟೆಶೂಲೆ ಬರುತ್ತದೆ. ಅದರಿಂದ ಪಾರಾದರೂ ಗೊರಸಿನೊಳಗೆ ಉರಿ ಹತ್ತಿ ಕುದುರೆ ಕುಂಟಾಗಿಬಿಡಬಹುದು. ಎಳೆ ಜೋಳದ ಹಸಿ ಮೇವು, ಕೂಳೆ ಜೋಳ ಕೂಡ ಬೇಡ. ಒಣಗಿದ ಸೊಪ್ಪೆ ನಡೆಯುತ್ತದೆ. ಒಣ ಮೇವು ದಿನಕ್ಕೆ ಮೈತೂಕದ ಶೇ 2ರಷ್ಟು, ಅಂದರೆ ನಿಮ್ಮ ಕುದುರೆಗೆ ಸುಮಾರು 7 ಕೆ.ಜಿ., ತಿಂಗಳಿಗೆ 210 ಕೆ.ಜಿ. ಬೇಕು. ನೀರು ದಿನಕ್ಕೆ 25ರಿಂದ 40 ಲೀಟರ್. ನಮ್ಮ ಏಪ್ರಿಲ್, ಮೇನಲ್ಲಿ ಇನ್ನೂ ಹೆಚ್ಚು.

ದುಡ್ಡಿನ ವಿಷಯಕ್ಕೆ ಈ ಲೆಕ್ಕದಿಂದಲೇ ಹೊರಡಿ. ಮೇವು, ಹುರುಳಿ, ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸುವುದು, ವರ್ಷದ ಧನುರ್ವಾಯು ಲಸಿಕೆ ಇವನ್ನೆಲ್ಲ ಕೂಡಿಸಿ ತಿಂಗಳಿಗೆ ಎಷ್ಟಾಗುತ್ತದೆ ಎಂದು ಬರೆದು ತೋರಿಸಿ. ಸವಾರಿಗಿಷ್ಟು ಎಂದು ದರ ಕಟ್ಟಿದಿರೋ, ಬಾಡಿಗೆ ಕೊಟ್ಟಾಯಿತು, ಯಾರು ಹತ್ತಿದರೇನು ಎಂಬ ಭಾವನೆ ಬಂದುಬಿಡುತ್ತದೆ. ನಿಮ್ಮ ಎರಡನೆಯವರಿಗೆ ಆದದ್ದು ಅದೇ. ಪೂರ್ತಿ ಪಾಲಿನ ದುಡ್ಡು ಕೊಟ್ಟು ವಾರಕ್ಕೆರಡು ಸಲ ಬರುವವರಿಗಿಂತ, ಅರ್ಧ ದುಡ್ಡು ಕೊಟ್ಟು ನಾಲ್ಕು ಬೆಳಗು ಬರುವವರೇ ನನಗೆ ಹೆಚ್ಚು.

ಇನ್ನು ಕಾಗದ. ಸ್ನೇಹದಲ್ಲಿ ಬರವಣಿಗೆ ಯಾಕೆ ಅನ್ನಬೇಡಿ. ಸ್ನೇಹ ಉಳಿಯಲೆಂದೇ ಬರೆಯುವುದು. ಯಾವ ದಿನ ಯಾರದ್ದು, ಮೂರನೆಯವರು ಹತ್ತುವಂತಿಲ್ಲ, ಮದುವೆ ಮೆರವಣಿಗೆಗೆ ಕಳಿಸುವಂತಿಲ್ಲ, ಡಾಂಬರು ರಸ್ತೆಯಲ್ಲಿ ಓಡಿಸುವಂತಿಲ್ಲ, ಬಿಡುವುದಾದರೆ ಒಂದು ತಿಂಗಳು ಮೊದಲೇ ಹೇಳಬೇಕು. ನೀವು ಕುಷ್ಟಗಿಯಲ್ಲಿದ್ದಾಗ ಕುದುರೆ ಹೊಟ್ಟೆಶೂಲೆಯಿಂದ ಹೊಟ್ಟೆ ಕಡೆ ತಿರುತಿರುಗಿ ನೋಡುತ್ತಾ ಕಾಲು ಕೆರೆಯತೊಡಗಿದರೆ, ನಿಮ್ಮ ಫೋನ್ ಸಿಗದಿದ್ದರೂ ಎಷ್ಟು ರೂಪಾಯಿವರೆಗಿನ ಚಿಕಿತ್ಸೆಗೆ ಅವರೇ ಒಪ್ಪಿಗೆ ಕೊಡಬಹುದು ಎಂಬುದೂ ಅದರಲ್ಲಿರಲಿ. ಪ್ರಾಣಿ ಯಾರ ಸ್ವಾಧೀನದಲ್ಲಿದೆಯೋ ಅವರ ಅಜಾಗ್ರತೆಯಿಂದ ಜನರಿಗೆ ಅಪಾಯವಾಗುವಂತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಅದು ಅಪರಾಧ. ಅವರ ದಿನದಂದು ಆ ಹೊಣೆ ಅವರ ಮೇಲೂ ಇದೆ ಎಂದು ತಿಳಿಸಿಡಿ.

ಕುದುರೆ ಸತ್ತರೆ ನಷ್ಟ ಯಾರದ್ದು? ಕೇಳಲು ಕಹಿ, ಆದರೆ ನಿಮ್ಮ ತುಂಗಭದ್ರೆಯ ಆಚೆ ದಡದಲ್ಲೇ ಈ ಪ್ರಶ್ನೆ ಐನೂರು ವರ್ಷದ ಹಿಂದೆ ಇತ್ಯರ್ಥವಾಗಿತ್ತು. ವಿಜಯನಗರಕ್ಕೆ ಹಡಗಿನಲ್ಲಿ ಕುದುರೆ ತರುತ್ತಿದ್ದವರಿಗೆ, ಸಮುದ್ರದಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅರಸರು ಹಣ ಕೊಡುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ನೀವು ಅರಸರಲ್ಲ, ಆದರೆ ಮಾಲೀಕರು ನೀವೇ. ಕುದುರೆಯ ಬೆಲೆಯ ನಷ್ಟ ನಿಮ್ಮದು, ಅವರ ಬೇಜವಾಬ್ದಾರಿಯಿಂದಾದ ಚಿಕಿತ್ಸೆ ಖರ್ಚು ಅವರದ್ದು ಎಂದು ಬರೆದರೆ ಸಾಕು.

ಉಳಿಸಿಕೊಳ್ಳುವ ಮಾತು ಬಂದರೆ ನಾನು ಪಾಲುದಾರರ ಪಕ್ಷ. ಒಳ್ಳೆಯವರು ಬಿಟ್ಟು ಹೋಗುವುದು ಹೆಚ್ಚಾಗಿ ಮಾಲೀಕರ ಕಾಟಕ್ಕೆ. ಅವರ ದಿನ ಬೆಳಗ್ಗೆ ಫೋನ್, ಹೋದ ಮೇಲೆ ಫೋನ್, ವಿಡಿಯೊ ಕಳಿಸಿ ಎಂಬ ಬೇಡಿಕೆ. ರಜೆಗೆ ಊರಿಗೆ ಬಂದವರೇ ಅವರ ಸರದಿಯಲ್ಲಿ ಲಗಾಮು ಕಿತ್ತುಕೊಳ್ಳುವುದು. ನಿಮಗೆ ಈ ಅಭ್ಯಾಸ ಇದೆ ಎಂದು ನಾನು ಹೇಳುತ್ತಿಲ್ಲ, ಶಿಕ್ಷಕರಿಗೆ ಇರುತ್ತದೆ ಎನ್ನುತ್ತಿದ್ದೇನೆ ಅಷ್ಟೆ. ಕೊಟ್ಟ ದಿನ ಅವರದ್ದು. ಲಾಯದ ಗೋಡೆಗೊಂದು ಡೈರಿ ತೂಗುಹಾಕಿ: ಎಷ್ಟು ಮೇವು ತಿಂದಿತು, ಲದ್ದಿ ಹೇಗಿತ್ತು, ಏನು ಮಾಡಿಸಿದೆವು ಎಂದು ಇಬ್ಬರೂ ಎರಡು ಸಾಲು ಬರೆಯಿರಿ. ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ ಆರಾಮಿದ್ದಾಗಿನ ಲೆಕ್ಕವಿರಲಿ: ಮೈಶಾಖ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಪಶು ಸಹಾಯವಾಣಿ 1962 ಅದರ ಕೆಳಗೆ.

ಇನ್ನೊಂದು ಮಾತು ನಿಮ್ಮ ಸೀಮೆಯದ್ದೇ. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ, ಕೊಯ್ಲು ಬಂದರೆ, ಗದ್ದೆ ಇರುವ ಮನೆಯವರು ನಿಮ್ಮ ಲಾಯದ ಕಡೆ ತಲೆ ಹಾಕಲಾರರು. ಅದನ್ನು ಮಾತು ತಪ್ಪಿದ್ದು ಎಂದು ಎಣಿಸಬೇಡಿ. ಆ ವಾರಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಮನೆಯ ಹುಡುಗರಲ್ಲಿ ಒಬ್ಬರಿಗೆ ನಡೆದಾಡಿಸುವುದಷ್ಟನ್ನು ಕಲಿಸಿಡಿ.

ಪ್ರಶ್ನೆ: ರಾಯಚೂರಿನಲ್ಲಿದ್ದೇವೆ. ಹದಿನಾರು ವರ್ಷದ ಮಗಳಿಗೆ ಕುದುರೆಯ ಹುಚ್ಚು. ಪರಿಚಯದವರೊಬ್ಬರು ತಮ್ಮ ಕುದುರೆಯನ್ನು ವಾರಕ್ಕೆ ಎರಡು ದಿನ ಹಂಚಿಕೊಳ್ಳಲು ಕರೆದಿದ್ದಾರೆ. ಒಪ್ಪಿಕೊಳ್ಳುವ ಮೊದಲು ಏನೇನು ನೋಡಬೇಕು?

ಉತ್ತರ: ಅಮ್ಮಾ, ಮೊದಲು ಮಾಲೀಕರೇ ನಿಮ್ಮ ಕಣ್ಣೆದುರು ಹತ್ತಿ ತೋರಿಸಲಿ. ಅವರು ಹತ್ತಲು ಹಿಂಜರಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಜೀನು ತೆಗೆಸಿ ಬೆನ್ನು ನೋಡಿ. ಕಂದು ಬಣ್ಣದ ನಡುವೆ ಅಲ್ಲಲ್ಲಿ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅದು ಸರಿಯಿಲ್ಲದ ಜೀನು ಒತ್ತಿ ಹಿಂದೆ ಆದ ಗಾಯದ ಗುರುತಾಗಿರಬಹುದು. ಈಗಲೂ ಮುಟ್ಟಿದರೆ ಬೆನ್ನು ತಗ್ಗಿಸುತ್ತಿದ್ದರೆ ನೋವಿದೆ, ನೋವಿರುವ ಕುದುರೆ ಒದರಿ ಬೀಳಿಸುತ್ತದೆ. ಗದ್ದದ ಕೆಳಗೆ ಪಟ್ಟಿ ಬಿಗಿಯುವ ಸವಾರಿ ಹೆಲ್ಮೆಟ್, ಸಣ್ಣ ಹಿಮ್ಮಡಿಯ ಬೂಟು ನಿಮ್ಮದೇ ಇರಲಿ. ಹಿಮ್ಮಡಿ ಇಲ್ಲದ ಶೂ ರಿಕಾಪಿನೊಳಗೆ (ಸವಾರರು ಪಾದ ಇಡುವ ಬಳೆ) ತೂರಿ ಕಾಲು ಸಿಕ್ಕಿಕೊಳ್ಳುತ್ತದೆ. ಮಗಳಿಗೂ ಧನುರ್ವಾಯು ಚುಚ್ಚುಮದ್ದು ಹಾಕಿಸಿರಿ. ಹದಿನೆಂಟು ತುಂಬುವವರೆಗೆ ಕಾಗದಕ್ಕೆ ಸಹಿ ನಿಮ್ಮದು, ಸವಾರಿಯ ಹೊತ್ತಿನಲ್ಲಿ ತಿಳಿದ ಹಿರಿಯರೊಬ್ಬರು ಅಲ್ಲಿರಬೇಕು. ರಾಯಚೂರಿನ ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮುಗಿಸಿಬಿಡಲಿ. ಪರೀಕ್ಷೆ ಬಂದಾಗ ಓದಿಗಾಗಿ ಬಿಡುವು ಸಿಗುತ್ತದೆಯೇ ಎಂದು ಈಗಲೇ ಕೇಳಿಡಿ.

ಪ್ರಶ್ನೆ: ಸಿರುಗುಪ್ಪದಲ್ಲಿ ಒಬ್ಬರ ಹತ್ತಿರ ಕುದುರೆ ಇದೆ. ಮದುವೆ ಸೀಸನ್ನಿನಲ್ಲಿ ಮೆರವಣಿಗೆಗೆ ಬಾಡಿಗೆ ಕೊಡುತ್ತಾರೆ, ಉಳಿದ ದಿನ ನನಗೆ ಪಾಲು ಕೊಡುತ್ತಾರಂತೆ. ಖರ್ಚು ಕಡಿಮೆ. ತಗೊಳ್ಳಲೇ?

ಉತ್ತರ: ಖರ್ಚು ಕಡಿಮೆ ಯಾಕೆ ಅಂದರೆ ಕುದುರೆಯ ದುಡಿಮೆ ಬೇರೆಡೆ ನಡೆದಿದೆ. ರಾತ್ರಿಯಿಡೀ ಡಿಜೆ ಸದ್ದಿನಲ್ಲಿ ನಿಂತು ಬಂದದ್ದನ್ನು ನೀವು ಬೆಳಗ್ಗೆ ಹತ್ತಲು ಹೋಗುತ್ತೀರಿ. ನನಗಿರುವ ದೊಡ್ಡ ಚಿಂತೆ ಗ್ಲ್ಯಾಂಡರ್ಸ್ ರೋಗದ್ದು. ಹಲವು ಊರಿನ ಕುದುರೆಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವಲ್ಲಿ ಅದು ಹರಡುತ್ತದೆ, ಮನುಷ್ಯರಿಗೂ ತಗಲುತ್ತದೆ, ಲಸಿಕೆ ಇಲ್ಲ. ದೃಢಪಟ್ಟರೆ 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯಡಿ ಕುದುರೆಗೆ ದಯಾಮರಣವೇ. ಮೂಗಿನಿಂದ ಗಟ್ಟಿ ಸಿಂಬಳ, ಕಾಲಿನ ಒಳಭಾಗದಲ್ಲಿ ಒಡೆಯುವ ಗಂಟು ಕಂಡರೆ ಹತ್ತಿರವೂ ಹೋಗಬೇಡಿ. ಏನೂ ಕಾಣದಿದ್ದರೂ ರಕ್ತ ಪರೀಕ್ಷೆ ಮಾಡಿಸಿದ ಮೇಲೆಯೇ ಮಾತು ಮುಂದುವರಿಸಿ. ರಕ್ತದ ಮಾದರಿ ತೆಗೆಯಲು ಪಶು ಆಸ್ಪತ್ರೆಯಲ್ಲೇ ಕೇಳಿ. ಪರೀಕ್ಷೆ ಬೇಡ ಎಂದು ಮಾಲೀಕರು ಅಂದರೆ ಪಾಲೂ ಬೇಡ.