ಖೋಡದದ ಜಾಲರಿ ತಟ್ಟೆಗಳಿಗೆ ಎಳೆಯ ನಕ್ಷತ್ರದ ಜೊತೆ ಏನು ಕೆಲಸ?

ಓದುಗರ ಪತ್ರ: ಫೆಬ್ರವರಿ 28ರ ವಿಜ್ಞಾನ ದಿನಕ್ಕೆ, ಬಿ.ಎಸ್ಸಿ. ಓದುವ ಮೊಮ್ಮಗಳು ಹಟ ಹಿಡಿದಳೆಂದು ಮಾಳ್ಶೇಜ್ ಘಾಟ್ ದಾಟಿ ನಾರಾಯಣಗಾಂವ್ ಹತ್ತಿರದ ಖೋಡದಕ್ಕೆ ಹೋಗಿದ್ದೆವು. ಅಲ್ಲಿನ ರೇಡಿಯೊ ದೂರದರ್ಶಕದ ತಟ್ಟೆಗಳು ಬರೀ ತಂತಿ ಜಾಲರಿ! ಅದರಲ್ಲಿ ಏನು ಕಾಣುತ್ತದೆ? ಕಪ್ಪುಕುಳಿಯಿಂದಲೂ ಜೆಟ್ ಎಂಬ ಧಾರೆ ಚಿಮ್ಮುತ್ತದೆ, ಎಳೆಯ ನಕ್ಷತ್ರದಿಂದಲೂ ಚಿಮ್ಮುತ್ತದೆ ಎಂದರು. ಎರಡೂ ಒಂದೇನಾ? ಎಲ್ಲವನ್ನೂ ನುಂಗುವ ಕಪ್ಪುಕುಳಿಯಿಂದ ಏನಾದರೂ ಹೊರಗೆ ಬರುವುದಾದರೂ ಹೇಗೆ?
– ಹಿರಿಯ ಓದುಗರು, ಡೊಂಬಿವಲಿ

ಸಂಪಾದಕರ ಉತ್ತರ:

ನಮಸ್ಕಾರ. ಮೊಮ್ಮಗಳ ಹಟಕ್ಕೆ ನೀವು ಮಣಿದದ್ದು ಬಹಳ ಒಳ್ಳೆಯದಾಯಿತು. ಮುಂಬೈ, ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಎಷ್ಟೋ ಮಕ್ಕಳು ಖೋಡದದ ಹೆಸರನ್ನೇ ಕೇಳಿಲ್ಲ. ಪುಣೆಯಿಂದ ಸುಮಾರು 80 ಕಿ.ಮೀ. ದೂರದಲ್ಲೇ ಇದೆ.

ಮೊದಲು ಜಾಲರಿ. ಜಿಎಂಆರ್‌ಟಿ ಎಂದು ಕರೆಯುವ ಈ ದೂರದರ್ಶಕ ಹಿಡಿಯುವ ಅಲೆಗಳು ಉದ್ದನೆಯವು. ಅತಿ ಚಿಕ್ಕದೇ ಸುಮಾರು 20 ಸೆಂ.ಮೀ., ದೊಡ್ಡವು ಮೀಟರ್‌ಗಟ್ಟಲೆ. ಜಾಲರಿಯ ಕಣ್ಣುಗಳೋ ಒಂದೆರಡು ಸೆಂ.ಮೀ. ಅಷ್ಟೆ. ಮೀನಿನ ಬಲೆಯಲ್ಲಿ ನೀರು ಹರಿದುಹೋಗಿ ಮೀನು ಉಳಿಯುವಂತೆ, ಇಲ್ಲಿ ಗಾಳಿ ತೂರಿಹೋಗುತ್ತದೆ, ರೇಡಿಯೊ ಅಲೆ ಮಾತ್ರ ಪ್ರತಿಫಲಿಸಿ ಮೇಲಿರುವ ಆಂಟೆನಾಕ್ಕೆ ಹೋಗುತ್ತದೆ. ಗಾಳಿಗೆ ತಡೆಯಿಲ್ಲದ ಕಾರಣ ತಟ್ಟೆ ಹಗುರವಾಗಿದ್ದರೂ ನಿಲ್ಲುತ್ತದೆ, ಖರ್ಚೂ ಕಡಿಮೆ. ಈ ವಿನ್ಯಾಸದ ಹಿಂದಿದ್ದವರು ರೇಡಿಯೊ ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್. 2020ರಲ್ಲಿ ತೀರಿಕೊಂಡರು. 45 ಮೀಟರ್ ಅಗಲದ 30 ತಟ್ಟೆಗಳನ್ನು ಕೈಗೆಟಕುವ ಹಣದಲ್ಲಿ ಕಟ್ಟುವುದು ಸುಮ್ನೆ ಮಾತಲ್ಲ. 14 ತಟ್ಟೆ ನಡುವೆ ಒತ್ತಾಗಿವೆ. ಉಳಿದ 16 ಮೂರು ದಿಕ್ಕಿಗೆ ಚಾಚಿಕೊಂಡಿವೆ. ಎಲ್ಲವೂ ಸೇರಿ ಹರಡಿರುವುದು ಸುಮಾರು 25 ಕಿ.ಮೀ. ಎರಡೆರಡು ತಟ್ಟೆಗಳನ್ನು ಜೋಡಿ ಮಾಡಿದರೆ 435 ಜೋಡಿ. ಪ್ರತಿ ಜೋಡಿಯ ಸಂಕೇತಗಳನ್ನು ಹೋಲಿಸಿ ಕಂಪ್ಯೂಟರ್ ಚಿತ್ರ ಕಟ್ಟುತ್ತದೆ.

ಕಪ್ಪುಕುಳಿಯ ಪ್ರಶ್ನೆ ಚಿಕ್ಕದು. ಒಳಗೆ ಬಿದ್ದದ್ದು ಹೊರಗೆ ಬರುವುದೇ ಇಲ್ಲ, ನಿಮ್ಮ ಅನುಮಾನ ಸರಿ. ಜೆಟ್ ಹುಟ್ಟುವುದು ಹೊರಗೆ, ಬೀಳುವ ಮುಂಚೆ ಸುತ್ತು ಹಾಕುತ್ತಿರುವ ಬಿಸಿ ಅನಿಲದ ನಡುವೆ. ಅಲ್ಲಿನ ಕಾಂತಕ್ಷೇತ್ರ ತಿರುಚಿಕೊಂಡು, ಒಂದಿಷ್ಟು ಭಾಗವನ್ನು ಮೇಲಕ್ಕೂ ಕೆಳಕ್ಕೂ ಎಸೆಯುತ್ತದೆ. ಎಳೆಯ ನಕ್ಷತ್ರದ ಸುತ್ತಲೂ ಇಂಥದೇ ಅನಿಲದ ಚಕ್ರವಿದೆ. ತಿರುಗುವ ಅನಿಲ ನೇರವಾಗಿ ನಕ್ಷತ್ರಕ್ಕೆ ಬೀಳಲಾರದು. ತನ್ನ ಗಿರಕಿಯನ್ನು ಎಲ್ಲಾದರೂ ಕಳೆದುಕೊಳ್ಳಬೇಕು. ಅದನ್ನು ಹೊತ್ತು ಹೋಗುವ ಕೆಲಸದಲ್ಲಿ ಜೆಟ್‌ಗೂ ಪಾಲಿದೆ.

ಹಾಗಾದರೆ ಎರಡೂ ಒಂದೇ ಅಲ್ವಾ? ಆಕಾರ ನೋಡಿದರೆ ಹೌದು ಅನಿಸುತ್ತದೆ. ಆದರೆ ಗೆಲಾಕ್ಸಿಯ ಜೆಟ್, ಅಂದರೆ ಅದರ ನಡುವಿನ ಭಾರೀ ಕಪ್ಪುಕುಳಿಯ ಬಳಿ ಹುಟ್ಟುವಂಥದ್ದು, ಹೆಚ್ಚೂಕಡಿಮೆ ಬೆಳಕಿನ ವೇಗದಲ್ಲಿ ಹೋಗುತ್ತದೆ. ನಕ್ಷತ್ರದ್ದು ಸೆಕೆಂಡಿಗೆ ಕೆಲವು ನೂರು ಕಿ.ಮೀ. ಅಷ್ಟೆ. ರೇಡಿಯೊ ಅಲೆ ಹುಟ್ಟುವ ಬಗೆಯೂ ಬೇರೆ. ಗೆಲಾಕ್ಸಿಯ ಜೆಟ್‌ನಲ್ಲಿ ಅತಿವೇಗದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುತ್ತಾ ಅಲೆ ಹೊರಡಿಸುತ್ತವೆ. ಇದಕ್ಕೆ ಸಿಂಕ್ರೊಟ್ರಾನ್ ವಿಕಿರಣ ಎನ್ನುತ್ತಾರೆ. ನಕ್ಷತ್ರದ ಜೆಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಬರೀ ಬಿಸಿ ಅನಿಲದ ಅಲೆ. ಎಲೆಕ್ಟ್ರಾನ್ ಪ್ರೋಟಾನ್ ಪಕ್ಕದಲ್ಲಿ ಹಾದು ದಾರಿ ಬದಲಿಸಿದಾಗ ಹುಟ್ಟುವಂಥದ್ದು.

ಇವೆರಡನ್ನು ಬೇರ್ಪಡಿಸುವುದು ಹೇಗೆ? ಖೋಡದದ ಮಹತ್ವ ಇರುವುದು ಇಲ್ಲೇ. ಕಂಪನಾಂಕ ಇಳಿಸುತ್ತಾ ಹೋದಂತೆ ಸಿಂಕ್ರೊಟ್ರಾನ್ ಸಾಮಾನ್ಯವಾಗಿ ಪ್ರಖರವಾಗುತ್ತದೆ. ದಟ್ಟ ಬಿಸಿ ಅನಿಲದ್ದು ಮಂಕಾಗುತ್ತದೆ. ಹಾಗಾಗಿ ಒಂದೇ ಜೆಟ್ಟನ್ನು ಬೇರೆ ಬೇರೆ ಕಂಪನಾಂಕದಲ್ಲಿ ಅಳೆದರೆ ಗುಟ್ಟು ಬಯಲಾಗುತ್ತದೆ. ಕಡಿಮೆ ಕಂಪನಾಂಕವೇ ಜಿಎಂಆರ್‌ಟಿಯ ಬಲ.

2014ರಲ್ಲಿ ರೇಚಲ್ ಐನ್ಸ್‌ವರ್ತ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸ ಇದಕ್ಕೆ ಚೆಂದದ ಉದಾಹರಣೆ. ವೃಷಭ ರಾಶಿಯಲ್ಲಿ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿ, ಡಿಜಿ ಟೌರಿ ಎಂಬ ಎಳೆಯ ನಕ್ಷತ್ರವಿದೆ. ನಮ್ಮ ಸೂರ್ಯ ಮಗುವಾಗಿದ್ದಾಗ ಹೀಗೇ ಇದ್ದಿರಬಹುದು. ಜಿಎಂಆರ್‌ಟಿಯಲ್ಲಿ 325 ಮತ್ತು 610 ಮೆಗಾಹರ್ಟ್ಸ್‌ನಲ್ಲಿ ನೋಡಿದಾಗ, ಜೆಟ್ ಸುತ್ತಲಿನ ಅನಿಲಕ್ಕೆ ಡಿಕ್ಕಿ ಹೊಡೆಯುವ ಜಾಗದಲ್ಲಿ ಸಿಂಕ್ರೊಟ್ರಾನ್‌ನ ಸುಳಿವು ಸಿಕ್ಕಿತು. ಅಂದರೆ ಜೆಟ್ ನಿಧಾನದ್ದಾದರೂ ಆ ಡಿಕ್ಕಿಯಲ್ಲಿ ಕೆಲವು ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಹತ್ತಿರಕ್ಕೆ ಹೋಗುತ್ತವೆ! 2010ರಲ್ಲೇ ಎಚ್‌ಎಚ್ 80-81 ಎಂಬ ಜೆಟ್‌ನಲ್ಲಿ ಅಮೆರಿಕದ ವಿಎಲ್‌ಎ ದೂರದರ್ಶಕ ಇದನ್ನು ಕಂಡಿತ್ತು, ನಿಜ. ಆದರೆ ಅದರ ಹಿಂದಿರುವುದು ಸೂರ್ಯನಿಗಿಂತ ಬಹಳ ಭಾರದ ನಕ್ಷತ್ರ. ಸೂರ್ಯನಂಥ ಪುಟ್ಟ ನಕ್ಷತ್ರವೂ ಇಷ್ಟು ಮಾಡಬಲ್ಲದು ಎನ್ನುವುದೇ ಅಚ್ಚರಿ. ಅದರಿಂದ ಅಲ್ಲಿನ ಕಾಂತಕ್ಷೇತ್ರವನ್ನು ಅಂದಾಜು ಮಾಡುವ ದಾರಿಯೂ ತೆರೆಯುತ್ತದೆ. ಲೇಖಕರು ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಇದು ತಾತ್ಕಾಲಿಕ ಸಾಕ್ಷ್ಯ ಎಂದು ಬರೆದರು. ನನಗೆ ಆ ಎಚ್ಚರ ತುಂಬಾ ಇಷ್ಟ. ಮೊಮ್ಮಗಳಿಗೂ ಇದನ್ನು ತೋರಿಸಿ.

ಗೆಲಾಕ್ಸಿಗಳ ಕಡೆ ಬಂದರೆ ನಮ್ಮವರ ಹೆಸರು ಮೊದಲಿನಿಂದಲೂ ಇದೆ. ಸಿಗ್ನಸ್ ಎ ಎಂಬ ಗೆಲಾಕ್ಸಿಯ ರೇಡಿಯೊ ಅಲೆ ಗೆಲಾಕ್ಸಿಯಿಂದಲ್ಲ, ಅದರ ಎರಡೂ ಪಕ್ಕದ ದೊಡ್ಡ ಮೋಡಗಳಿಂದ ಬರುತ್ತಿದೆ ಎಂದು 1953ರಲ್ಲಿ ತೋರಿಸಿದವರು ರೋಜರ್ ಜೆನ್ನಿಸನ್ ಮತ್ತು ಬಂಗಾಳದ ಮೃಣಾಲ್ ಕುಮಾರ್ ದಾಸ್ ಗುಪ್ತ. ಆ ಮೋಡಗಳಿಗೆ ಶಕ್ತಿ ತುಂಬುವುದು ಜೆಟ್‌ಗಳೇ ಎಂಬುದು ಆಮೇಲೆ ಗೊತ್ತಾಯಿತು. ಜೆಟ್ ನಿಂತುಹೋದ ಮೇಲೂ ಮೋಡ ಬಹುಕಾಲ ಉಳಿಯುತ್ತದೆ. ಜಾಸ್ತಿ ಶಕ್ತಿಯ ಎಲೆಕ್ಟ್ರಾನ್‌ಗಳು ಬೇಗ ಸೋಲುತ್ತವೆ. ಕಡಿಮೆ ಶಕ್ತಿಯವು ಕಡಿಮೆ ಕಂಪನಾಂಕದಲ್ಲಿ ಇನ್ನೂ ಮಿಣುಕುತ್ತಿರುತ್ತವೆ. ಹಾಗಾಗಿ ಹೆಚ್ಚು ಕಂಪನಾಂಕದ ದೂರದರ್ಶಕಗಳಿಗೆ ಕಾಣದ ಇಂಥ ಮುದಿ ಮೋಡಗಳು ಖೋಡದಕ್ಕೆ ಕಾಣುತ್ತವೆ. 2024ರಲ್ಲಿ ಸುದ್ದಿಯಾದ ಪೊರ್ಫೀರಿಯನ್ ಜೆಟ್ ಜೋಡಿ ನೆನಪಿದೆಯಾ? ತುದಿಯಿಂದ ತುದಿಗೆ ಸುಮಾರು 2.3 ಕೋಟಿ ಜ್ಯೋತಿರ್ವರ್ಷ. ನಮ್ಮ ಕ್ಷೀರಪಥದ ಅಗಲ 1 ಲಕ್ಷದಷ್ಟು. ಅದನ್ನು ಕಂಡುಹಿಡಿದದ್ದು ಯುರೋಪಿನ ಲೋಫಾರ್ ರೇಡಿಯೊ ದೂರದರ್ಶಕ. ಅದು ಯಾವ ಗೆಲಾಕ್ಸಿಯಿಂದ ಹೊರಟಿದೆ ಎಂದು ಗುರುತಿಸಲು ನೆರವಾದದ್ದು ನೀವು ನೋಡಿ ಬಂದ ಜಾಲರಿ ತಟ್ಟೆಗಳು.

ಮೊಮ್ಮಗಳಿಗೆ ಒಂದು ವಿಷಯ ಹೇಳಿ. ಮುಂಬೈನ ಖಗೋಳ ವಿಜ್ಞಾನಿ ಆನಂದ ಹೋತಾ 2013ರಲ್ಲಿ ರ‍್ಯಾಡ್ ಅಟ್ ಹೋಮ್ ಎಂಬ ಕಾರ್ಯಕ್ರಮ ಶುರು ಮಾಡಿದರು. ವಿಜ್ಞಾನ ಓದುವ ವಿದ್ಯಾರ್ಥಿಗಳು ಮನೆಯಲ್ಲೇ ಕುಳಿತು ಜಿಎಂಆರ್‌ಟಿಯ ಚಿತ್ರಗಳಲ್ಲಿ ವಿಚಿತ್ರ ಗೆಲಾಕ್ಸಿಗಳನ್ನು ಹುಡುಕಬಹುದು. ಜಿಎಂಆರ್‌ಟಿ 150 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸುಮಾರು ಶೇ. 90 ಭಾಗದ ನಕ್ಷೆ ಮಾಡಿದೆ. ಆ ನಕ್ಷೆ ಎಲ್ಲರಿಗೂ ಮುಕ್ತವಾಗಿದೆ. ನಡುವೆ ಪ್ರಖರ ಚುಕ್ಕಿಯಿಲ್ಲದ ಮಂಕು ಮೋಡಗಳ ಜೋಡಿ ಎಲ್ಲಾದರೂ ಕಂಡರೆ ಅಲ್ಲೇ ನಿಂತು ನೋಡಲಿ. ಅದು ಜೆಟ್ ನಿಂತುಹೋದ ಗೆಲಾಕ್ಸಿ ಇರಬಹುದು. ಏನಾದರೂ ಸಿಕ್ಕಿದರೆ ನಮಗೂ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇವೆ.

– ಸಂಪಾದಕ