ಹಳೇ ಫ್ರೆಂಚ್ ಉಣ್ಣೆ ಟ್ಯಾಪೆಸ್ಟ್ರಿಯಲ್ಲಿ (ಚಿತ್ರ ನೇಯ್ದ ಗೋಡೆಬಟ್ಟೆ) ಮರದೆಲೆಗಳು ನೀಲಿಯಾಗಿವೆ. ಯಾವ ಸೋಪಿನಲ್ಲಿ ತೊಳೆದರೆ ಹಸಿರು ಬರುತ್ತದೆ?

ದಯವಿಟ್ಟು ತೊಳೆಯಬೇಡಿ. ಆ ನೀಲಿಯನ್ನು ನಾನೂ ಕೊಳೆ ಅಂದುಕೊಂಡಿದ್ದೆ.

ಫ್ರಾನ್ಸ್‌ನ ಲಿಮೋಜ್‌ನಲ್ಲಿದ್ದಾಗ ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಿದ್ದು ನನ್ನ ಟ್ಯಾಪೆಸ್ಟ್ರಿ. ಅದರ ಚಿತ್ರದಲ್ಲಿ, ತೋಪಿನಲ್ಲಿ ಒಬ್ಬ ಹುಡುಗ, ಕಣ್ಣಿಗೆ ಬಿಳಿ ಬಟ್ಟೆ, ಕೈ ಚಾಚಿ ತಡಕಾಡುತ್ತಿದ್ದಾನೆ. ಉಳಿದವರು ಬಗ್ಗಿ ತಪ್ಪಿಸಿಕೊಳ್ಳುತ್ತಿದ್ದಾರೆ. ಫ್ರೆಂಚರು ಈ ಆಟಕ್ಕೆ ಕೊಲ್ಯಾಂ ಮಯಾರ್ ಅನ್ನುತ್ತಾರೆ. ನಾವೂ ಅಂಗಳದಲ್ಲಿ ಆಡಿದ್ದೇ, ಅಲ್ವಾ? ಅದಕ್ಕೇ ಬಿಟ್ಟು ಬರಲು ಮನಸ್ಸಾಗಲಿಲ್ಲ.

ನಾನು ಮಾಡಿದ ತಪ್ಪು, ಹಿಂಭಾಗ ನೋಡದೇ ಇದ್ದದ್ದು. ಹಿಂದೆ ಅಸ್ತರು ಹೊಲಿದಿತ್ತು. ಮೂಲೆಯಲ್ಲಿ ಮೂರು ಇಂಚು ಬಿಚ್ಚಿದ್ದರೆ ಸಾಕಿತ್ತು, ಒಳಗೆ ಅದೇ ಎಲೆಗಳು ಹಸಿರಾಗೇ ಇದ್ದವು. ಹಳೇ ಕಾಲದಲ್ಲಿ ಉಣ್ಣೆಗೆ ನೀಲಿ ಹಾಕಿ, ಅದರ ಮೇಲೆ ವೆಲ್ಡ್ ಎಂಬ ಗಿಡದ ಹಳದಿ ಹಾಕಿ ಹಸಿರು ಮಾಡುತ್ತಿದ್ದರು. ಬೆಳಕಿಗೆ ಹಳದಿ ಹಾರಿಹೋಗುತ್ತದೆ, ನೀಲಿ ನಿಲ್ಲುತ್ತದೆ. ಹೋದ ಹಳದಿಯನ್ನು ಯಾವ ಸೋಪೂ ವಾಪಸ್ ತರುವುದಿಲ್ಲ. ಟ್ಯಾಪೆಸ್ಟ್ರಿಗೆ ಹೆಸರಾದ ಫ್ರೆಂಚ್ ಊರು ಒಬ್ಯೂಸೋನ್‌ನ ನೇಕಾರರು ಹಾಸಿನ ದಾರಗಳು ಮಲಗಿರುವ ಮಗ್ಗದಲ್ಲಿ ಹಿಂಭಾಗದಿಂದಲೇ ನೇಯುತ್ತಾರೆ, ಮುಂಭಾಗ ನೋಡಲು ಕೆಳಗೆ ಕನ್ನಡಿ ಹಿಡಿಯುತ್ತಾರೆ. ಅವರು ದಿನವಿಡೀ ನೋಡುತ್ತಿದ್ದ ಬದಿಯನ್ನು ನಾನು ಒಂದು ಸಲವೂ ನೋಡಲಿಲ್ಲ.

ಅಸ್ತರಿನ ಸಮೇತ ಟಬ್ಬಿನಲ್ಲಿ ಮುಳುಗಿಸಿದೆ. ನೀರು ಚಹಾ ಬಣ್ಣಕ್ಕೆ ತಿರುಗಿತು, ಕೊಳೆ ಬಿಡುತ್ತಿದೆ ಅಂತ ಖುಷಿಪಟ್ಟೆ. ಒದ್ದೆ ಉಣ್ಣೆ ಹೆಣಭಾರ. ಎರಡು ಮೂಲೆ ಹಿಡಿದು ಎತ್ತಿದೆ, ಕಂದು ದಾರದ ಗೆರೆಗಳೆಲ್ಲ ಪುಡಿಯಾಗಿ ಬಾಯಿಬಿಟ್ಟವು. ಕಂದು ಬಣ್ಣ ಹಿಡಿಯಲು ಬಳಸಿದ ಕಬ್ಬಿಣದ ಉಪ್ಪು ಅಷ್ಟು ವರ್ಷದಲ್ಲಿ ಉಣ್ಣೆಯನ್ನು ತಿಂದುಬಿಟ್ಟಿರುತ್ತದೆ. ಪಕ್ಕದ ಹುಡುಗಿಯ ಲಂಗಕ್ಕೆ ಯಾರೋ ಆಮೇಲೆ ಹಾಕಿದ್ದ ರಿಪೇರಿಯ ಕೆಂಪು ದಾರವೂ ಬಣ್ಣ ಬಿಟ್ಟಿತು. ಹುಡುಗನ ಕಣ್ಣಿನ ಮೇಲಿನ ಬಿಳಿ ಬಟ್ಟೆ ಈಗ ಗುಲಾಬಿ. ಹಸಿರು ಹಿಂಭಾಗವನ್ನು ನಾನು ಕಂಡದ್ದು ಆಮೇಲೆ, ರಿಪೇರಿಯವರು ಅಸ್ತರು ಬಿಚ್ಚಿದಾಗ.

ಡ್ರೈಕ್ಲೀನಿಂಗಿಗೂ ಕೊಡಬೇಡಿ. ಧೂಳು ಜಾಸ್ತಿ ಇದ್ದರೆ ಸೊಳ್ಳೆಪರದೆಯಂಥ ಜಾಲರಿ ಹಾಸಿ, ವ್ಯಾಕ್ಯೂಮನ್ನು ತುಂಬ ಕಡಿಮೆಯಲ್ಲಿಟ್ಟು ಎಳೆಯಿರಿ. ಮೊಳೆ ಬೇಡ, ಮೇಲಂಚಿನ ಉದ್ದಕ್ಕೂ ವೆಲ್ಕ್ರೋ ಹೊಲಿಸಿ ಬಿಸಿಲು ಬೀಳದ ಗೋಡೆಗೆ ಹಾಕಿ. ತೊಳೆಯಲೇಬೇಕಾದರೆ ಒಂದೊಂದು ಬಣ್ಣದ ದಾರವನ್ನೂ ಪರೀಕ್ಷಿಸಿ ನೋಡುವ ಸಂರಕ್ಷಕರೇ ತೊಳೆಯಲಿ. ನನ್ನ ಕೇಳಿದರೆ ಆ ನೀಲಿ ಮರಗಳು ಹಾಗೇ ಇರಬೇಕು.

ಇವತ್ತು ಅಸ್ತರಿನ ಒಂದು ಮೂಲೆ ಬಿಚ್ಚಿ. ಹಸಿರು ಕಂಡರೆ ಫೋಟೋ ತೆಗೆದು ಇಲ್ಲಿ ಹಾಕಿ, ನನಗೂ ನೋಡಬೇಕು.