ಫೆರ್ನಾಂಡಾ ಮೊಂಟೆನೆಗ್ರೊ ಅವರನ್ನು ಬ್ರೆಜಿಲ್‌ನ ಮಹಾನ್ ನಟಿ ಅನ್ನುವುದು ಯಾಕೆ?

ಒಂದೇ ಸಿನಿಮಾದಿಂದ ಬಂದ ಹೆಸರಲ್ಲ ಅದು. 1929ರಲ್ಲಿ ರಿಯೊದಲ್ಲಿ ಹುಟ್ಟಿದ ಇವರು ಮೂಲತಃ ರಂಗಭೂಮಿಯವರು. 1959ರಲ್ಲಿ ಗಂಡ ಫೆರ್ನಾಂಡೊ ಟೊರೆಸ್ ಮತ್ತು ಗೆಳೆಯರ ಜೊತೆ ಸ್ವಂತ ನಾಟಕ ತಂಡವನ್ನೇ ಕಟ್ಟಿದರು. ಟಿವಿ ಧಾರಾವಾಹಿಗಳು ಅವರನ್ನು ಮನೆಮಾತಾಗಿಸಿದವು.

ಹೊರಗಿನವರು ಗುರುತಿಸಿದ್ದು 1998ರ ‘ಸೆಂಟ್ರಲ್ ಸ್ಟೇಷನ್’ನಿಂದ. ಅದರಲ್ಲಿ ಇವರು ಡೋರಾ. ರೈಲು ನಿಲ್ದಾಣದಲ್ಲಿ ಓದು ಬಾರದವರಿಗೆ ದುಡ್ಡು ತಗೊಂಡು ಕಾಗದ ಬರೆದುಕೊಡುತ್ತಾಳೆ, ಎಷ್ಟೋ ಕಾಗದಗಳನ್ನು ಅಂಚೆಗೇ ಹಾಕುವುದಿಲ್ಲ. ಅಂಥವಳ ಮನಸ್ಸು ನಿಧಾನಕ್ಕೆ ಕರಗುವುದನ್ನು ಮಾತಿಗಿಂತ ಜಾಸ್ತಿ ಮುಖದಲ್ಲೇ ತೋರಿಸುತ್ತಾರೆ. ದಯವಿಟ್ಟು ನೋಡಿ. ಈ ಪಾತ್ರಕ್ಕೆ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿಗೆ ಕೊಡುವ ಬೆಳ್ಳಿ ಕರಡಿ ಪ್ರಶಸ್ತಿ ಸಿಕ್ಕಿತು. ಅತ್ಯುತ್ತಮ ನಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಬ್ರೆಜಿಲ್ ನಟಿಯೂ ಇವರೇ. ಎರಡನೆಯವರು, 2025ರಲ್ಲಿ, ಇವರ ಮಗಳು ಫೆರ್ನಾಂಡಾ ಟೊರೆಸ್!